ಹಾಯಿ ಶೆಡ್ಡಿನ ಹೊಲಿಗೆ

ಮಂಗಳವಾರ, ಕೆಲಸಕ್ಕೆ ಹೊರಡುವ ಮುಂಚೆ

ನನ್ನ ಕೂಸೇ,

ನಿನ್ನ ಕಾಗದ ಬಂತು. ಕನ್ನಡಕ ಹುಡುಕಿ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು. ಆ ತಪ್ಪನ್ನೂ ನಿನ್ನ ತಲೆಗೇ ಕಟ್ಟಿದ್ದೇನೆ.

ನಿನ್ನ ಆಸ್ಪತ್ರೆಯ ವಾರ್ಡಿನ ಮೂಲೆಯ ಮಂಚದ ಮುದುಕಿ ತನ್ನ ಹರಿದ ಹೊದಿಕೆ ಹೊಲಿದುಕೊಂಡಳಂತೆ. ಕೊನೆಯ ಹೊಲಿಗೆಯನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ದಾರದ ತುದಿಯನ್ನು ಒಳಕ್ಕೆ ನುಂಗಿಸಿದಳಂತೆ, ಥೇಟ್ ನಮ್ಮ ಹಾಗೆ. ಅಷ್ಟಕ್ಕೇ ನೀನು ಅವಳನ್ನು ನನ್ನ ಅಮ್ಮನ ಕಳೆದುಹೋದ ತಂಗಿಯೆಂದು ತೀರ್ಮಾನಿಸಿ, ಅಜ್ಜಿ ಎಂದು ಕರೆದು, ನಿನ್ನ ಅತ್ತೆಯ ಮುಂದೆ ಹೇಳಿಯೂ ಬಿಟ್ಟಿದ್ದೀಯ. ಮದುವೆಯಾದಾಗಿನಿಂದ ಆಕೆ "ನಿಮ್ಮೋರು ಅಂತ ಯಾರಿದಾರೆ ನಿಂಗೆ?" ಎಂದು ಚುಚ್ಚುವುದು ನನಗೆ ಗೊತ್ತಿಲ್ಲವೇ? ಒಬ್ಬರಾದರೂ ಸಿಕ್ಕರಲ್ಲ ಎಂಬ ನಿನ್ನ ಸಂಭ್ರಮ ಅಕ್ಷರದಲ್ಲೇ ಕುಣಿಯುತ್ತಿದೆ. ಅದಕ್ಕೆ ನಾನು ತಣ್ಣೀರು ಎರಚಬೇಕಾಗಿದೆ. ಬೈದುಕೋ, ಪರವಾಗಿಲ್ಲ.

"ಇದು ನಮ್ ಮನೆ ಹೊಲಿಗೆ, ಎಲ್ಲಿ ಕಂಡ್ರೂ ಅಲ್ಲಿ ನಮ್ ರಕ್ತ ಇದೆ" ಎಂದು ಅಮ್ಮ ನನಗೆ ಹೇಳಿದ್ದಳು, ನಾನು ನಿನಗೆ ಹೇಳಿದೆ. ಆದರೆ ಅಮ್ಮ ಹಡಗಿನ ಹಾಯಿ ಹೊಲಿಯುತ್ತಿದ್ದ ಹಾಯಿ ಶೆಡ್ಡಿನೊಳಗೆ ಮೊದಲ ಸಲ ಕಾಲಿಟ್ಟಾಗ ನಾನು ಕಂಡದ್ದೇನು ಗೊತ್ತೇ? ಸಾಲಾಗಿ ಕೂತಿದ್ದ ಹೆಂಗಸರೆಲ್ಲ ಹಾಗೆಯೇ ಮುಗಿಸುತ್ತಿದ್ದರು. ಗಾಳಿಗೆ ದಾರ ಬಿಚ್ಚಬಾರದೆಂದು ದೊರೆಗಳ ಕಾಲದ ಮೇಸ್ತ್ರಿ ಅನಾಥಾಲಯದ ಹುಡುಗಿಯರಿಗೆಲ್ಲ ಬೆತ್ತ ಹಿಡಿದು ಕಲಿಸಿದ್ದು ಅದು. ನಾನು ಮೋರೆ ಸಣ್ಣದು ಮಾಡಿಕೊಂಡು ಕೇಳಿದರೆ ಅಮ್ಮ ಸೂಜಿಯಿಂದ ಕಣ್ಣೆತ್ತದೆ, "ಸರಿ, ಹಾಗಾದ್ರೆ ಇವರೆಲ್ಲಾ ನಮ್ಮೋರೇ ಅಂದ್ಕೋ. ಕೈ ನಿಲ್ಲಿಸ್ಬೇಡ" ಎಂದಳು.

ನಿನಗೆ ಬೇಕಾದ ವಂಶ ಇಷ್ಟೇ: ನೀನು, ನಾನು, ಅಮ್ಮ. ನಿನ್ನಜ್ಜ ಹಡಗು ಹತ್ತಿದವನು ಕಡಲಿನಾಚೆ ಇನ್ನೊಂದು ಸಂಸಾರ ಹೂಡಿ ಅಲ್ಲೇ ಉಳಿದ. ಅಮ್ಮನ ಹಿಂದೆ ಯಾರೂ ಇಲ್ಲ. ಅವಳನ್ನೂ ತಂಗಿಯನ್ನೂ ಯಾರೋ ಹಡಗು ನಿಲ್ಲುವ ಧಕ್ಕೆಯ ಮೇಲೆ ಬಿಟ್ಟುಹೋಗಿದ್ದರು. ಹೆಸರನ್ನೂ ಅನಾಥಾಲಯದವರೇ ಇಟ್ಟರು. ಎಷ್ಟು ಅಗೆದರೂ ಬರೀ ಮರಳು, ಮಗಳೇ.

ಆ ತಂಗಿ ಕಳೆದುಹೋದಳು ಎಂದು ಹೇಳಿಕೊಂಡು ಬಂದೆ. ಸತ್ತಳು ಎನ್ನಲು ನಿನ್ನ ಮುಂದೆ ಬಾಯಿ ಬರಲಿಲ್ಲ. ಊರಿಗೆ ಜ್ವರ ಬಂದ ವರ್ಷ ಹೂಳಲು ಜಾಗ ಸಾಲದೆ, ಸತ್ತವರನ್ನು ಹಾಯಿಬಟ್ಟೆಯಲ್ಲಿ ಹೊಲಿದು ಕಡಲಿಗೆ ಹಾಕುತ್ತಿದ್ದರು. ಹೊಲಿಯುವವರು ಶೆಡ್ಡಿನ ಹುಡುಗಿಯರೇ. ಅಮ್ಮ ತನ್ನ ತಂಗಿಯನ್ನು ತಾನೇ ಹೊಲಿದಳು. ಕೊನೆಗೆ ಎರಡು ಸಲ ಹಿಂದಕ್ಕೆ ತಿರುಗಿಸಿ, ತುದಿಯನ್ನು ಒಳಕ್ಕೆ ನುಂಗಿಸಿ. ಸಾಯುವ ಮುಂಚೆ ಒಮ್ಮೆ ಮಾತ್ರ ಇದನ್ನು ನನಗೆ ಹೇಳಿದಳು.

ಆದ್ದರಿಂದ ನಿನ್ನ ಮುದುಕಿ ಯಾವುದೋ ಶೆಡ್ಡಿನಲ್ಲಿ ಹೊಲಿದ ಯಾರೋ ಒಬ್ಬಳು. ಅವಳಿಗೆ ದಿನ ಹತ್ತಿರ ಬಂದಿದೆ, ಬಂದು ನೋಡು ಎಂದು ಬರೆದಿದ್ದೀಯ. ನಾನು ಬರುವುದಿಲ್ಲ. ಹೊಲಿಯಲು ಒಪ್ಪಿಕೊಂಡ ಲಾರಿಯ ಟಾರ್ಪಾಲು ಅರ್ಧ ಆಗಿದೆ, ಕಣ್ಣು ಬೇರೆ ಮಂಜು. ಅತ್ತೆಗೆ ಇನ್ನು ಏನು ಹೇಳಲಿ ಎಂದು ಕೇಳಬೇಡ.

ನಿನ್ನನ್ನು ಬಿಟ್ಟರೆ ಗತಿಯಿಲ್ಲದ,
ಅಮ್ಮ

ಮತ್ತೆ: ಕಾಗದ ಮಡಚಿದ್ದೆ, ಬಿಚ್ಚಿದೆ. ಹೊಲಿಯುವಾಗ ಅಮ್ಮ ತಂಗಿಯ ಮುಖ ನೋಡಿರಲಿಲ್ಲ. ಹೆಣದ ಮುಖ ಮುಚ್ಚಿದ ಮೇಲೆಯೇ ಹುಡುಗಿಯರ ಮುಂದೆ ತಂದಿಡುತ್ತಿದ್ದರು. "ಇದು ನಿನ್ ತಂಗಿ" ಎಂದು ಮೇಸ್ತ್ರಿ ಹೇಳಿದ, ಅಮ್ಮ ಹೊಲಿದಳು. ಬಟ್ಟೆ ಸರಿಸಿ ನೋಡುವ ಧೈರ್ಯ ಬರಲಿಲ್ಲವಂತೆ. ಅದೇ ವಾರ ಒಂದಷ್ಟು ಹುಡುಗಿಯರನ್ನು ಹಡಗಿನಲ್ಲಿ ಬೇರೆ ಬಂದರಿಗೆ ಕಳಿಸಿದ್ದರು. ಆಮೇಲೆ ಯಾವ ಹಡಗು ಬಂದರೂ, ತಂಗಿ ಇಳಿದಾಳೇನೋ ಎಂದು ಅಮ್ಮ ಧಕ್ಕೆಗೆ ಹೋಗಿ ನಿಲ್ಲುತ್ತಿದ್ದಳು. ನಾನು ಹಾಗೆ ನಿಲ್ಲಲಾರೆ. ಆ ಮುದುಕಿಯನ್ನು ಏನೂ ಕೇಳಬೇಡ. ಅವಳೇ ಎಂದು ಗೊತ್ತಾದರೆ, ಅಮ್ಮ ಇದ್ದಾಗ ಯಾಕೆ ಸಿಗಲಿಲ್ಲ ಎಂದು ಬದುಕಿರುವಷ್ಟು ದಿನ ನನ್ನ ಹೊಟ್ಟೆ ಉರಿಯುತ್ತದೆ. ದಿಕ್ಕಿಲ್ಲದವರ ಹೆಣಕ್ಕೆ ಬಟ್ಟೆ ಹೊಲಿಯುವುದೂ ನಿನ್ನದೇ ಕೆಲಸ ಎಂದು ಹಿಂದೊಮ್ಮೆ ಬರೆದಿದ್ದೆಯಲ್ಲ. ಆ ಮುದುಕಿಯದನ್ನು ಬೇರೆಯವರ ಕೈಗೆ ಕೊಡಬೇಡ, ನೀನೇ ಹೊಲಿ. ಹೊಲಿಯುವ ಮುಂಚೆ ಮುಖ ನೋಡು.