ಹವಳದ ಕಡಲಿಗೆ ಇಬ್ಬರೇ

ಅಪ್ಪನಿಗೆ,

ನೀವು ಹಾಕಿಟ್ಟ ಯೋಜನೆಯಂತೆಯೇ ನಾನೂ ಅಮ್ಮನೂ ಇವತ್ತು ಹೊರಟಿದ್ದೇವೆ. ಮೊದಲು ಮರಳುಗಾಡಿನಲ್ಲಿ ಜೀಪು, ಆಮೇಲೆ ಅದರ ಅಂಚಿನ ಕಡಲಿಗಿಳಿದು ಹವಳ ನೋಡುವುದು. ಯೋಜನೆ ಚೆನ್ನಾಗಿದೆ, ಅದರಲ್ಲಿ ನೀವೊಬ್ಬರು ಹೆಚ್ಚಾಗಿದ್ದಿರಿ.

ಪ್ರತಿ ವರ್ಷವೂ ನೆಂಟರೆದುರು ನಕ್ಷೆ ಹರಡಿ, "ಇವಳಿಗೆ ನೀರು ಕಂಡ್ರೆ ಜೀವ ಹೋಗುತ್ತೆ, ಅದಕ್ಕೇ ಈ ಸಲವೂ ಬೇಡ" ಎನ್ನುತ್ತಿದ್ದಿರಿ. "ಒಂದ್ಸಲ ಇಳಿದು ನೋಡ್ಲಾ?" ಎಂದು ಅಮ್ಮ ಕೇಳಿದ್ದಕ್ಕೆ, "ನೀನಿಳಿದ್ರೆ ದಡದಲ್ಲಿ ಬಟ್ಟೆ ಕಾಯೋರ್ಯಾರು?" ಎಂದಿರಿ. ಎಲ್ಲರೂ ನಕ್ಕರು.

ಶಾಲೆ ಬಿಟ್ಟ ಮಗಳು ನೆಲ ತೊಳೆಯುತ್ತಾಳೆಂದು ನೀವು ತಲೆ ತಗ್ಗಿಸುವ ಆ ಈಜುಕೊಳದಲ್ಲೇ ಅಮ್ಮ ಈಜು ಕಲಿತಳು. ನೀವೂ ಒಮ್ಮೆ ಅಲ್ಲಿಗೆ ಬಂದಿದ್ದಿರಿ. ಸೊಂಟದುದ್ದ ನೀರಿನಲ್ಲಿ ಕಂಬಿ ಬಿಡದೆ ನಡುಗುತ್ತಿದ್ದಿರಿ. ನೋಡಿದ್ದನ್ನು ನೋಡಿದ ಹಾಗೆ ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ಎದ್ದು ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು.

ಗ್ಯಾಸ್ ಮುಗಿಯುತ್ತ ಬಂದಿದೆ. ಸಿಲಿಂಡರ್ ಬುಕ್ ಆಗುವುದು ಅಮ್ಮನ ಫೋನಿನಿಂದ, ನಿಮ್ಮ ನಂಬರಿಗೆ ಬದಲಾಯಿಸಿಕೊಳ್ಳಿ. ಬಿಪಿ ಮಾತ್ರೆ ಎಲ್ಲಿದೆ ಎಂದು ಕೇಳಲು ಅವಳಿಗೆ ಫೋನ್ ಮಾಡಬೇಡಿ, ಹುಡುಕಿಕೊಳ್ಳಿ.

"ಬೇಗ ಬರುತ್ತೇವೆ" ಎಂದು ಬರೆದು ಮುಗಿಸುವವಳಿದ್ದೆ. ಅಮ್ಮ ಹೆಗಲ ಹಿಂದಿನಿಂದ ಓದಿ, "ನಿನ್ನ ವಿಷಯ ಬೇಕಾದ್ರೆ ಬರಿ. ನಾನು ಬರ್ತೀನಿ ಅಂತ ಬರೀಬೇಡ, ಸುಳ್ಳಾಗುತ್ತೆ" ಎಂದಳು.

ನಾನು ಬಂದರೂ ಬಂದೇನು.

ನಿಮ್ಮ ಮಗಳು