ಹೊಂಗೆಯ ಬುಡದಲ್ಲಿ ನೀರು

ಕಮಲಾಪುರ
೨೧ ಜುಲೈ ೨೦೨೫

ಸೊಸೆ ಸುನಿತಾಳಿಗೆ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತು ಎಂದು ಕೇಳುವ ಮುಖವೂ ನನಗಿಲ್ಲ. ಅದಕ್ಕೇ ಕಾಗದ. ಓದಿ ಹರಿದು ಹಾಕು, ಆದರೆ ಮೊದಲು ಗಿಡದ ಹತ್ತಿರ ಹೋಗು.

ಪಕ್ಕದ ಮನೆ ದ್ಯಾಮಕ್ಕನ ಮೊಬೈಲಿಗೆ ನೀನು ಕಳಿಸಿದ ಫೋಟೊ ನೋಡಿದೆ. ಅವಳೇ ತಂದು ತೋರಿಸಿ, "ಅಲ್ಲಬೇ, ನಿನ್ನ ಮಗನ ಹೊಂಗಿ ಗಿಡ ಆ ಹೊನ್ನಾವರದಾಗ, ಸೊಸಿ ಅಂಗಳದಾಗ ಸಾಯಾಕತ್ತೈತಿ, ನೀ ಇಲ್ಲಿ ಸೆಡವು ಹಿಡಕೊಂಡು ಕುಂತೀಯಲ್ಲ" ಎಂದಳು. ಬೇರೆ ಯಾರಾದರೂ ಅಂದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಎಲೆ ಹಳದಿಯಾಗಿರುವುದು ಸಮುದ್ರದ ಗಾಳಿಯಿಂದಲ್ಲ. ಹೊಂಗೆ ಉಪ್ಪಿಗೆ ಅಂಜುವುದಿಲ್ಲ. ತಪ್ಪು ಬುಡದಲ್ಲಿದೆ. ಕುಂಡದಿಂದ ನೆಲಕ್ಕಿಳಿಸುವಾಗ ಮುರುಗೇಶ ಇಲ್ಲಿ ಮಾಡುತ್ತಿದ್ದಂತೆಯೇ ನೀನೂ ಆಳಕ್ಕೆ ತೋಡಿ, ಸುತ್ತ ಒಡ್ಡು ಕಟ್ಟಿದ್ದೀಯ. ನಮ್ಮ ಬಿಸಿಲಿಗೆ ಒಂದು ಕೊಡ ನೀರಾದರೂ ನಿಲ್ಲಲಿ ಎಂದು ಹಾಗೆ ಮಾಡುತ್ತೇವೆ. ನಿಮ್ಮ ಮಳೆಗೆ ಅದು ಬಾವಿಯಾಗಿದೆ, ಬೇರು ಕೊಳೆಯುತ್ತಿದೆ. ಇವತ್ತೇ ಒಡ್ಡು ಒಡೆ. ಬುಡದ ಮಣ್ಣಿನ ಸಮೇತ ಎತ್ತಿ, ಮರಳು ಬೆರೆಸಿದ ದಿಬ್ಬದ ಮೇಲೆ ನೆಡು. ಗಾಳಿ ಬೀಸುವ ಕಡೆ ತೆಂಗಿನ ಗರಿ ಕಟ್ಟು. ಗೊಬ್ಬರ ಈಗ ಬೇಡ.

ಇಲ್ಲಿ ಅವನು ನೆಟ್ಟ ಮರ ಈಗಿಲ್ಲ. ಕಳೆದ ತಿಂಗಳು ರಸ್ತೆ ಅಗಲ ಮಾಡಲು ಕಡಿದರು. ಕೊಡಲಿ ಬೀಳುವ ಮೊದಲು ಬುಡಕ್ಕೆ ಬೆನ್ನು ಕೊಟ್ಟು ಕೂತೆ. "ಏಳ್ರಿ ಅಜ್ಜಿ, ನಮ್ಮ ಹೊಟ್ಟಿ ಮ್ಯಾಲೆ ಕುಂದ್ರಬ್ಯಾಡ್ರಿ" ಎಂದು ಕಡಿಯಲು ಬಂದವನೊಬ್ಬ ಕೈ ಹಿಡಿದು ಎಬ್ಬಿಸಿದ. ಬಿದ್ದ ಕೊಂಬೆಗಳಿಂದ ಹದಿನೆಂಟು ಕಾಯಿ ಆರಿಸಿ ನೆಟ್ಟೆ. ಎಲ್ಲ ಎಳೆಗಾಯಿ. ದಿನಾ ಮಣ್ಣು ಕೆದಕಿ ನೋಡುತ್ತೇನೆ. ಒಂದೂ ಮೊಳೆಯಲಿಲ್ಲ. ಉಳಿದಿರುವುದು ನಿನ್ನ ಅಂಗಳದ್ದೊಂದೇ.

ಮುರುಗೇಶ ತೋರಣಗಲ್ಲಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವಾಗ ಲಾರಿಗೆ ಸಿಕ್ಕಿ ಸತ್ತದ್ದು ನಿನ್ನ ಕಾಲ್ಗುಣದಿಂದ ಎಂದು ಓಣಿಯ ಜನರೆದುರು ಹೇಳಿದೆ. ಅದು ಸುಳ್ಳು. ಹೇಳುವಾಗಲೂ ನನಗೆ ಗೊತ್ತಿತ್ತು. ಯಾರನ್ನಾದರೂ ಬೈಯದೆ ನೆಟ್ಟಗೆ ನಿಲ್ಲಲು ಆಗಲಿಲ್ಲ.

ಆ ಗಿಡ ಹೂ ಬಿಡಲು ಇನ್ನೂ ನಾಲ್ಕೈದು ವರ್ಷ ಬೇಕು. ನನಗೆ ಎಪ್ಪತ್ತೊಂದು. ಹೂವನ್ನೂ ಕಾಯನ್ನೂ ಕೇಳುತ್ತಿಲ್ಲ. ಚಿಗುರಿದರೆ ದ್ಯಾಮಕ್ಕನಿಗೆ ಒಂದು ಫೋಟೊ ಕಳಿಸು. ಒಣಗಿದರೆ ಅದನ್ನೂ ಕಳಿಸು. ಏನೂ ಬಾರದಿದ್ದರೆ ಮಾತ್ರ ನಾನು ತಡೆಯಲಾರೆ.

ಇಂತಿ,
ಮುರುಗೇಶನ ತಾಯಿ
ಕೊಟ್ರಬಸಮ್ಮ

ತಾ.ಕ.: ನನ್ನ ಕಣ್ಣು ತಪ್ಪಿಸಿ ಅವನ ಮರದ ಕಾಯಿ ಒಯ್ದೆ ಎಂದು ದ್ಯಾಮಕ್ಕನಿಗೆ ಹೇಳಿದೆಯಂತೆ. ಇಲ್ಲ. ನೀನು ಹೊರಟ ದಿನ, ಬಂಗಾರ ಒಯ್ಯುತ್ತೀಯೇನೋ ಎಂದು ನಿನ್ನ ಚೀಲ ಬಿಚ್ಚಿ ನೋಡಿದ್ದೆ. ಅವನ ಕರವಸ್ತ್ರದಲ್ಲಿ ಒಣಕಾಯಿ ಸಿಕ್ಕವು. ನಿನ್ನ ಗಂಟು ಸಡಿಲವಿತ್ತು. ದಾರಿಯಲ್ಲಿ ಚೆಲ್ಲಿಬಿಟ್ಟಾವೆಂದು, ಇನ್ನೊಂದು ಸುತ್ತು ಬಿಗಿದು ಅಲ್ಲೇ ಇಟ್ಟೆ.