ಮಹಡಿ ಮನೆಯ ಹೊಸ ಪ್ರಿಂಟರ್

ಅಂಗಡಿಯಿಂದ
ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಮಹಡಿ ಮಹಾರಾಣಿಗೆ,

ಹೆದರಬೇಡ. ನೀನು ಮುಟ್ಟದೆಯೇ ನಿನ್ನ ಹೊಸ ಪ್ರಿಂಟರ್ ಗುರ್ ಎಂದು ಕಾಗದ ಹೊರಹಾಕಿದ್ದಕ್ಕೆ ಕಾರಣ ದೆವ್ವವಲ್ಲ, ನಾನು. ಕೆಳಗೆ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು ನಿನ್ನ ಮನೆಯ ಹಾಲ್‌ನಲ್ಲಿರುವ ಯಂತ್ರಕ್ಕೆ ಈ ಪತ್ರ ಕಳಿಸುತ್ತಿದ್ದೇನೆ. ಮೆಟ್ಟಿಲು ಹತ್ತಿ ಬಂದು ಮುಖ ನೋಡಿ ಮಾತಾಡುವಷ್ಟು ಒಳ್ಳೆಯತನ ನನ್ನಲ್ಲಿ ಉಳಿದಿಲ್ಲ.

"ಪ್ರಿಂಟರ್ ಕೆಲಸಾನೇ ಮಾಡ್ತಿಲ್ಲ ಕಣೇ, ಬಂದು ನೋಡೇ" ಎಂದು ನಿನ್ನೆಯಿಂದ ಒಂದೇ ಸಮನೆ ಫೋನು ಮಾಡುತ್ತಿದ್ದೀಯಲ್ಲ, ಅದಕ್ಕೇನೂ ಆಗಿಲ್ಲ. ನೋಡು, ಎಷ್ಟು ಚೆನ್ನಾಗಿ ಮುದ್ರಿಸುತ್ತಿದೆ.

ನೀನು ಪ್ರಿಂಟರ್ ಕೊಳ್ಳುತ್ತೇನೆ ಎಂದಾಗ ಒಬ್ಬ ಗಿರಾಕಿ ಹೋದಳು ಅಂದುಕೊಂಡೆ. ಇಷ್ಟು ವರ್ಷ ನಿನ್ನ ಮನೆಯ ಒಂದೊಂದು ಕಾಗದವೂ ನನ್ನ ಕೈಯಿಂದಲೇ ಹೊರಬಂದದ್ದು. ಮಗಳ ಶಾಲೆಯ ಪ್ರಾಜೆಕ್ಟು, ಯಜಮಾನರ ರೈಲಿನ ಟಿಕೆಟ್ಟು, ನಿನ್ನ ಆಸ್ಪತ್ರೆಯ ಚೀಟಿಗಳು, ಎಲ್ಲ. "ಪದೇ ಪದೇ ಕೆಳಗಿಳಿಯೋಕೆ ಮಂಡಿ ನೋವು ಕಣೇ" ಎಂದಿದ್ದೆ ನೀನು. ನಂಬಿದೆ. ನಂಬಿ, ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡು ಸಲಹೆ ಕೊಟ್ಟೆ. ಅಪರೂಪಕ್ಕೊಮ್ಮೆ ಮುದ್ರಿಸುವವರಿಗೆ ಇಂಕಿನದು ಬೇಡ, ಒಣಗಿ ಕೂರುತ್ತದೆ, ಪುಡಿ ತುಂಬುವ ಲೇಸರ್ ತಗೋ ಎಂದೆ. ನೀನು ಪರದೆಗೆ ಹೊಂದುವ ಬಣ್ಣ ಹುಡುಕುತ್ತಿದ್ದೆ. ಕೊನೆಗೂ ಬಿಳಿಯದೊಂದನ್ನು ತಂದು, ಟೀವಿಯ ಪಕ್ಕ ಪ್ಲಾಸ್ಟಿಕ್ ಹೂವಿನ ಜೊತೆ ಕೂರಿಸಿದೆ.

ಜೋಡಿಸಲು ಬಂದವಳೂ ನಾನೇ. ನಮ್ಮಿಬ್ಬರದೂ ಒಂದೇ ವೈಫೈ. "ಒಂದೇ ಕಟ್ಟಡ, ಎರಡು ಕನೆಕ್ಷನ್ ಯಾಕೇ ದಂಡ" ಎಂದು ಅಂಗಡಿಯ ಪಾಸ್‌ವರ್ಡ್ ಈಸಿಕೊಂಡವಳು ನೀನಲ್ಲವೇ? ಹಾಗಾಗಿ ನಿನ್ನ ಫೋನಿನಲ್ಲಿ ಪ್ರಿಂಟ್ ಒತ್ತಿದರೆ ಎರಡು ಯಂತ್ರಗಳ ಹೆಸರುಗಳು ಬರುತ್ತವೆ. ಮೇಲಿನದು ನನ್ನ ಅಂಗಡಿಯದು, ಅದರ ಕೆಳಗಿನದು ನಿನ್ನದು. "ಎರಡನೇದು ಒತ್ತು, ಮರೀಬೇಡ" ಎಂದು ಬಾಯಿ ನೋಯುವಷ್ಟು ಹೇಳಿದೆ. ನೀನು ಹೂಂ ಹೂಂ ಎನ್ನುತ್ತ ಟೀ ಸೋಸುತ್ತಿದ್ದೆ.

ಶನಿವಾರ ಅಂಗಡಿ ತುಂಬ ಜನ. ನನ್ನ ದೊಡ್ಡ ಯಂತ್ರ ತಾನಾಗಿ ಒಂದು ಹಾಳೆ ಹೊರಹಾಕಿತು. ಮುಂದೆ ನಿಂತಿದ್ದ ನಿವೃತ್ತ ಮೇಷ್ಟ್ರು ಅದನ್ನೆತ್ತಿಕೊಂಡು, ಅವರ ಚಟ ನಿನಗೆ ಗೊತ್ತಲ್ಲ, ಗಟ್ಟಿಯಾಗಿ ಓದಿಬಿಟ್ಟರು. ಕಟ್ಟಡದ ಒಡತಿಯ ತಮ್ಮನು ಔಷಧಿ ಅಂಗಡಿ ತೆರೆಯಲಿರುವುದರಿಂದ ಜೆರಾಕ್ಸ್ ಅಂಗಡಿಯನ್ನು ತಿಂಗಳ ಕೊನೆಯೊಳಗೆ ಖಾಲಿ ಮಾಡತಕ್ಕದ್ದು. ಕೆಳಗೆ, ಕಟ್ಟಡದ ಒಡತಿ ಎಂದು ನಿನ್ನ ಹೆಸರು. "ಇದು ನಿಮ್ಮ ಅಂಗಡಿ ವಿಷಯಾನೇ ಅಲ್ವೇನಮ್ಮಾ?" ಎಂದರು. ನಾನು ನಕ್ಕೆ. ಅಷ್ಟು ಜನರೆದುರು ಬೇರೇನು ಮಾಡಲಿ?

ಮಂಡಿ ನೋವಂತೆ! ನನ್ನ ಕಣ್ಣಿಗೆ ಬೀಳದ ಹಾಗೆ ನನ್ನ ಕತ್ತು ಕುಯ್ಯಲು ನಿನಗೊಂದು ಪ್ರಿಂಟರ್ ಬೇಕಿತ್ತು. ಬಾಯಿಬಿಟ್ಟು ಹೇಳಿದ್ದರೆ ಜಗಳವಾಡುತ್ತಿದ್ದೆ, ಅತ್ತು ಸುಮ್ಮನಾಗುತ್ತಿದ್ದೆ. ಈ ಅಂಗಡಿ ಬಿಟ್ಟರೆ ನನಗೆ ಬೇರೆ ಗತಿಯಿಲ್ಲವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಹಾಳೆ ಬರಲಿಲ್ಲವೆಂದು ನನಗೆ ಫೋನು ಮಾಡುವಂತಿರಲಿಲ್ಲ ನೀನು. ನಾನೂ ಬಾಯಿ ಬಿಡಲಿಲ್ಲ. ಆವತ್ತೇ ಮೇಲೆ ಬಂದು ನಿನ್ನ ಫೋನು ಸರಿಮಾಡಬಹುದಿತ್ತು. ಇನ್ನೇನು ಬರುತ್ತದೋ ನೋಡೋಣ ಎಂದು ಕಾದೆ. ನಿನ್ನೆ ಬಂತು, ನಿನ್ನ ಎದೆಯ ಗಂಟಿನ ರಿಪೋರ್ಟು.

ನೀನು ರಿಪೋರ್ಟನ್ನು ಫೋನಿನಲ್ಲಿ ತೆರೆದು ನೋಡುವವಳಲ್ಲ. ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟು, ನನ್ನ ಕೈ ಹಿಡಿದು, "ನೀನೇ ಓದೇ, ನಂಗೆ ಭಯ" ಎನ್ನುವವಳು. ಹೋದ ಸಲ ನಿನ್ನ ಉಗುರು ನನ್ನ ಅಂಗೈಗೆ ನಾಟಿತ್ತು. ಈ ಸಲವೂ ಓದಿದೆ, ಒಬ್ಬಳೇ. ಅದರಲ್ಲೇನಿದೆ ಎಂದು ಹೇಳುವುದಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ನೀನು ಒತ್ತಿದ್ದೇ ಒತ್ತಿದ್ದು, ಇಲ್ಲಿ ಪ್ರತಿಯ ಮೇಲೆ ಪ್ರತಿ ಬಂದು ಬಿತ್ತು. ನೀನು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆಯುವ ಸದ್ದು ನನ್ನ ತಲೆಯ ಮೇಲೆಯೇ ಕೇಳಿಸುತ್ತಿತ್ತು. ಮಂಡಿ ನೋವು ವಾಸಿಯಾದಂತಿದೆ, ಸಂತೋಷ.

ತಿಂಗಳ ಕೊನೆಯವರೆಗೆ ನಿನ್ನ ಗೆಳತಿ,
ಕೆಳಗಿನ ಜೆರಾಕ್ಸಿನವಳು

ತಾ.ಕ.: ಈ ಪತ್ರದ ಹಿಂದೆಯೇ ರಿಪೋರ್ಟಿನ ಮೊದಲ ಪುಟ ಬರುತ್ತದೆ. ಅದರಲ್ಲಿ ನಿನ್ನ ಹೆಸರು, ವಯಸ್ಸು, ಡಾಕ್ಟರ ಹೆಸರು ಇವೆ, ಅಷ್ಟೇ. ಫಲಿತಾಂಶವಿರುವ ಎರಡನೆಯ ಪುಟ ನನ್ನ ಮೇಜಿನ ಮೇಲೆ ಮಗುಚಿಟ್ಟಿದೆ. ನಿನ್ನ ಫೋನಿನಲ್ಲೂ ಇದೆ, ಧೈರ್ಯವಿದ್ದರೆ ತೆರೆ. ಇಲ್ಲವಾದರೆ ಇಳಿದು ಬಂದು ತೆಗೆದುಕೊಂಡು ಹೋಗು. ಓದಿ ಹೇಳಲು ಮಾತ್ರ ಬೇರೆ ಯಾರನ್ನಾದರೂ ಹುಡುಕಿಕೋ.